ಈ ಸಾಲು ಮುಟ್ಟಬ್ಯಾಡ್ರಿ

ಗೋಕುಲ ರೋಡಿನ ವಾಲ್ವ್ ಕಾರ್ಖಾನಿ, ಮ್ಯಾಲಿನ ಖೋಲಿ.
ಶನಿವಾರ ರಾತ್ರಿ ಇಳಿಸಿಟ್ಟ ಹೊಸಾ ಆವೃತ್ತಿ
ಸೋಮವಾರ ಮುಂಜಾನೆ ಕಣ್ಣ ಬಿಟ್ಟಿತು.
ನಕ್ಷಾ ತಗಿಯೋ ತಂತ್ರಾಂಶ ಅದು;
ಅದರ ಹೊಟ್ಟ್ಯಾಗಿನ ಸಣ್ಣ ಸಣ್ಣ ಅಪ್ಪಣಿ
ಬರಿಯಾಕಿ ನಾನು.

ಏನೇನ ಬಂದಾವ ಅಂತ ಓದಿದೆ, ಛಾ ಆರೂತನಕ.
ಗೆರಿ ಅಳಿಸೂ ಮೊದಲ ಇನ್ನ ಅದು ನನ್ನ ಪ್ರೋಗ್ರಾಮಿಗೆ
ಕೂಗಿ ಕೇಳತೈತಂತ: ಅಳಿಸಲೇನು?
ನೂರು ಗೆರಿ ಎಳೆದರೂ ಒಂದ ಗಂಟು ಹಾಕತೈತಂತ,
ಬ್ಯಾಡಾತಂದರ ಒಮ್ಮಿಗೇ ಬಿಚ್ಚಬಹುದಂತ.
ಹೆಸರು ಇನ್ನ ಮ್ಯಾಲೆ ಕನ್ನಡದಾಗೂ ಇಡಬಹುದಂತ,
ಅಳತಿಗೆ, ಕೋನಕ್ಕ, ಅಂಕಿ ಇಡೂ ಖಾಲಿ ಡಬ್ಬಿಗೆ.
ಇದನ್ನ ಎರಡ ಸಲ ಓದಿದೆ.

ತಳದಾಗ ಒಂದ ಸಾಲು:
ಹಳೇ ಕೆಲವು ಅಪ್ಪಣಿ ಇನ್ನ ನಡಿಯೂದಿಲ್ಲ.

ಬ್ಯಾಹಟ್ಟಿ ಸರ್ ಬರದಿಟ್ಟ ಹೋದ ಪ್ರೋಗ್ರಾಮು,
ಹನ್ನೊಂದ ವರ್ಷ ಅಂದದ್ದಕ್ಕೆಲ್ಲಾ ಹೂಂ ಅಂದದ್ದು,
ಇವತ್ತ ನಲವತ್ತೆರಡ ಕಡೆ ಕೆಂಪಗಾತು.
ಒಂದೊಂದ ಹೊಲಿಗಿ ಬಿಚ್ಚಿ ಹೊಸಾ ದಾರ ಪೋಣಿಸಿ
ಮಧ್ಯಾಹ್ನಕ್ಕ ಮುನ್ನೂರಾ ಹದಿನಾರನೇ ಸಾಲಿಗೆ ಬಂದೆ.
ಅಲ್ಲೊಂದ ಅಂಕಿ, ೧.೦೧೧.
ಬಾಜೂಕ ಇಂಗ್ಲಿಷ್ ಅಕ್ಷರದಾಗ ನಮ್ಮ ಮಾತು:
ಈ ಸಾಲು ಮುಟ್ಟಬ್ಯಾಡ್ರಿ.

ಯಾಕ ಅಂತ ಬರದಿಲ್ಲ.
ಸರ್ ಫೋನು ಈಗ ಯಾವುದೋ ಹುಡುಗ ಎತ್ತತಾನ,
ರಾಂಗ್ ನಂಬರ್ ಅಂತಾನ.
ಬೀಡು ಆರಿದರ ಕುಗ್ಗತೈತಿ, ಅಷ್ಟ ನನಗೂ ಗೊತ್ತು.
ಪುಸ್ತಕದ ಲೆಕ್ಕ ನೂರಕ್ಕ ಒಂದು.
ಹಂಗಾದರ ಬಾಲದಾಗಿನ ಈ ಒಂದು
ಎಲ್ಲಿಂದ ಬಂತು?

ಕೆಳಗ ಪ್ಯಾಟರ್ನ್ ಶಾಪಿನಾಗ ಸಾಗವಾನಿ ಹೊಟ್ಟು.
ಮೌನೇಶಪ್ಪ ಬಡಿಗೇರ ಕನ್ನಡಕ ಹಣಿ ಮ್ಯಾಲೆ ಏರಿಸಿ
ಎಣ್ಣಿ ಅರಬೀಯೊಳಗಿಂದ ಉಕ್ಕಿನ ಪಟ್ಟಿ ತಗದ.
ಹನ್ನೆರಡು ಅಂತ ಬರದೈತಿ,
ಹನ್ನೆರಡಕ್ಕಿಂತ ಚೂರು ಉದ್ದ ಐತಿ.
"ಇದು ಸುಳ್ಳ ಹೇಳೂ ಪಟ್ಟಿ, ತಂಗಿ.
ಬೀಡು ಆರಿದ ಮ್ಯಾಲೆ ಖರೇ ಆಗತೈತಿ."

ಒಂದ ಸಾವಿರದ ಮಾತ ತಗದೆ.
ಅಂವ ಪಟ್ಟಿ ತಿರುವಿ ಸೊನ್ನಿ ಕಡೆ ತೋರಿಸಿದ:
"ಸವದೈತಿ ನೋಡು. ಎಷ್ಟು ವರ್ಷ ಕಟಗಿಗೆ ಒತ್ತಿದ್ದು.
ಕಡಿಮಿ ಬಿದ್ದೀತಂತ ಒಂದ ಕೂದಲ ಜಾಸ್ತಿ ಹಿಡೀತಿದ್ದೆ.
ಹೆಚ್ಚಾದರ ಉಜ್ಜಬಹುದು.
ಕಡಿಮಿ ಆದರ ಮತ್ತ ಕುಲುಮಿ."
ಬ್ಯಾಹಟ್ಟಿ ಸರ್ ಒಂದ ಮಳಿ ದಿನ ಬಂದು ಕುಂತು
ಅಂವನ ಪ್ಯಾಟರ್ನು ಅಳದು, ಬರಕೊಂಡು ಹೋದರಂತ.
"ಏನೂ ಕೇಳಲಿಲ್ಲಪಾ ಅವರು. ಛಾ ಸೈತ ಕುಡೀಲಿಲ್ಲ."

ಅಂದರ ಒಂದ ಪಟ್ಟಿಯ ಸವಕಳಿ
ಹನ್ನೊಂದ ವರ್ಷ ನಮ್ಮ ಎಲ್ಲಾ ನಕ್ಷಾದಾಗ ಐತಿ,
ಬಾಗಲಕೋಟಿ ನೀರಿನ ಪೈಪಿಗೆ ಹೋದ ವಾಲ್ವಿನಾಗ,
ಇನ್ನೂ ಪ್ಯಾಕ್ ಆಗದ ಮುಚ್ಚಳದಾಗ.
ಆ ಕೂದಲನ್ನ ದಸ್ತಗೀರ ದಿನಾ ಲೇಥಿನ ಮ್ಯಾಲೆ
ಸಿಪ್ಪಿ ಸುಲದಂಗ ಸುಲೀತಾನ.
ಅಂವಗೂ ಗೊತ್ತಿಲ್ಲ.

ತಗದರ? ದಸ್ತಗೀರ ನಾಳೆ ಮ್ಯಾಲೆ ಬಂದು
"ಮಾಲ ಸಾಲವಲ್ದು, ಅಕ್ಕಾರ" ಅಂತಾನ.
ಬಿಟ್ಟರ, ಸವಕಳಿಗೊಂದ ಸವಕಳಿ.
ಸಂಜಿತನಕ ಕರ್ಸರು ಆ ಅಂಕಿ ಮುಂದ
ಮಿಣಕ್ ಮಿಣಕ್ ಅಂತ ಕುಂತಿತ್ತು.

ಅಂಕಿ ತಗೀಲಿಲ್ಲ.
ಸಾಲಿನಿಂದ ಎತ್ತಿ ಬ್ಯಾರೆ ಡಬ್ಬಿಯೊಳಗ ಇಟ್ಟೆ.
ಪುಸ್ತಕದ ಪಾಲು ಪುಸ್ತಕದ ಹೆಸರಿಗೆ;
ಉಳಿದ ಸಾವಿರದ ಒಂದಕ್ಕ ಹೊಸಾ ಸವಲತ್ತು ಬಳಸಿ
ಹೆಸರಿಟ್ಟೆ: ಮೌನೇಶಪ್ಪನ_ಕೂದಲು.
ಯಾರರ ಅಳಿಸಾಕ ಬಂದರ ಮೊದಲ ಕೇಳು ಅಂತ
ಒಂದ ಕಾವಲು ಕುಂದರಿಸಿದೆ.
ಕೆಂಪು ಎಲ್ಲಾ ಹೋತು. ಮುಚ್ಚಳ ತೆರಿ ಮ್ಯಾಲೆ
ದುಂಡಗ ತಿರುಗಿತು.

ಡ್ಯೂಟಿ ಬಿಟ್ಟು ಹೋಗೂ ಮುಂದ ಮೌನೇಶಪ್ಪ ಮೆಟ್ಟಲಾ ಹತ್ತಿ ಬಂದ,
ಚಪ್ಪಲಿ ಬಾಗಲದಾಗ ಬಿಟ್ಟ.
ತನ್ನ ಹೆಸರಿನ ಮ್ಯಾಲೆ ಬಳ್ಳ ಇಡಾಕ ಹೋಗಿ, ಇಡಲಿಲ್ಲ.
ಭಾಳ ಹೊತ್ತು ನೋಡಿದ.

"ಪ-ದ ಒತ್ತು ಕಳಚೈತಲ್ಲ, ತಂಗಿ.
ಎರಡೂ ಬ್ಯಾರೆ ಬ್ಯಾರೆ ನಿಂತಾವ."

ಹೌದು, ನಿಂತಿದ್ದವು. ಅಕ್ಷರ ಕೂಡಸೂದು
ತೆರಿಗೆ ಇನ್ನೂ ಬರೂದಿಲ್ಲ.
"ಮುಂದಿನ ಆವೃತ್ತಿಯೊಳಗ ಕೂಡತಾವ್ರೀ" ಅಂದೆ.

ಕಿಸೇದಾಗಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡು
"ಕೂಡ್ಲಿ, ಅವಸರಿಲ್ಲ" ಅಂದ.