ಹನ್ನೆರಡು ಥೌ

ಸದ್ದು ಮಾಡುವ ಇಂಜಿನ್ನಿಗೆ ಹೆದರಬೇಡಿ ಎಸ್ತರಮ್ಮ,
ಸದ್ದು ಅಡಗಿದ್ದಕ್ಕೆ ಹೆದರಿ.
ಮೊನ್ನೆ ನಿಮ್ಮ ಮಾರಿಸ್ ಮೈನರ್ ಶೆಡ್ಡಿಗೆ ಬಂದಾಗ
ಟಿಕ್ ಟಿಕ್ ಇರಲಿಲ್ಲ.
'ನೋಡಿದೆಯಾ ಖಲಂದರ್, ಎಷ್ಟು ಮೆತ್ತಗೆ ಓಡ್ತಾ ಇದೆ'
ಎಂದು ಬಾನೆಟ್ಟು ತಟ್ಟಿದಿರಿ,
ಹೆರಿಗೆಯಾದವಳ ಬೆನ್ನು ತಟ್ಟುವ ಹಾಗೆ.

ಫೀಲರ್ ಗೇಜಿನ ಎಲೆ ತೂರಿಸಿ ನೋಡಿದೆ.
ಹನ್ನೆರಡು ಥೌ ಸಂದು ಇರಬೇಕಾದಲ್ಲಿ
ಎರಡರ ಎಲೆಯೂ ನುಸುಳಲಿಲ್ಲ.
ಬೀಡು ಕಬ್ಬಿಣದ ಪೀಠ.
ಕೂತು ಕೂತು ವಾಲ್ವು
ತಾನು ಕೂತ ಜಾಗವನ್ನೇ ತಿಂದುಕೊಂಡು ಇಳಿದಿದೆ,
ಒಂದೊಂದು ಏರಿಗೆ ಒಂದೊಂದು ಕೂದಲೆಳೆ.

ಮುಂಚೆ ಹೀಗಿರಲಿಲ್ಲ.
ಪೆಟ್ರೋಲಿಗೆ ಕೆಂಪಿತ್ತು, ಕೆಂಪಿನೊಳಗೆ ಸೀಸ;
ಪ್ರತಿ ಬಡಿತಕ್ಕೂ
ವಾಲ್ವಿಗೂ ಪೀಠಕ್ಕೂ ನಡುವೆ ತೆಳ್ಳನೆಯ ಹಾಸಿಗೆ.
ಅದೇ ಕೆಂಪಿನಲ್ಲಿ ನಾನು ಪಿಸ್ಟನ್ ತೊಳೆದೆ, ಕೈ ತೊಳೆದೆ,
ಟ್ಯಾಂಕಿನ ಪೈಪಿಗೆ ಬಾಯಿಟ್ಟು ಎಳೆದು
ಉಗುಳಿದ್ದೆಷ್ಟೋ, ನುಂಗಿದ್ದೆಷ್ಟೋ.
ಸಿಹಿ ಇತ್ತು ಅಂದರೆ ನಗುತ್ತೀರಿ.

'ಸೀಸ ತೆಗೆದದ್ದೇ ತಪ್ಪು ಸಿಸ್ಟರ್,
ಹಳೇ ಗಾಡಿಗಳ ಹೊಟ್ಟೆಗೆ ಹೊಡೆದರು' ಅಂದೆ.
ನೀವು ಏನೂ ಅನ್ನಲಿಲ್ಲ.
ನನ್ನ ಕೈ ನೋಡುತ್ತಿದ್ದಿರಿ.
ಬೆರಳಿನಲ್ಲಿದ್ದ ಗೇಜಿನ ಎಲೆ
ರಾಕರ್ ಕಂಬಿಗೆ ತಾಗುತ್ತಿತ್ತು,
ಟಿಕ್ ಟಿಕ್ ಟಿಕ್.
ಇಂಜಿನ್ನಿನಿಂದ ಹೋದ ಸದ್ದು.

'ಎಷ್ಟು ವರ್ಷದಿಂದ?'
'ಟೀ ಜಾಸ್ತಿಯಾಯ್ತು' ಅಂದೆ.
ಮಣಿಕಟ್ಟು ಹಿಡಿದೇ ಇದ್ದಿರಿ,
ಗಡಿಯಾರದ ಮುಳ್ಳು ಒಂದು ಸುತ್ತು ಬರುವ ತನಕ.

ಲೇತಿನ ಕೆಲಸ ಮುಗಿದ ರಾತ್ರಿ
ಹೆಡ್ಡನ್ನು ಗೋಣಿಯಲ್ಲಿ ಸುತ್ತಿ
ಪೆನ್ಷನ್ ಮೊಹಲ್ಲಾದ ಸಂಪತಣ್ಣನ ಬೇಕರಿಗೆ ಒಯ್ದೆವು.
ಬನ್ನು ಇಳಿಸಿದ ಒಲೆ ಇನ್ನೂ ಕಾದಿತ್ತು.
'ಇದಕ್ಕೆ ಮೊಟ್ಟೆ ಹಾಕಿಲ್ಲ ತಾನೇ?' ಅಂದರು ಅಯ್ಯಂಗಾರರು,
ಉದ್ದ ಸಲಿಕೆಯಲ್ಲಿ ತಾವೇ ಒಳಗೆ ತಳ್ಳಿದರು.
ಒಳಗೆ ಹೆಡ್ಡು ಹಿಗ್ಗುತ್ತಿತ್ತು,
ಹೊರಗೆ ಐಸಿನ ಡಬ್ಬಿಯಲ್ಲಿ
ನಾಲ್ಕು ಉಕ್ಕಿನ ಬಳೆಗಳು ಕುಗ್ಗುತ್ತಿದ್ದವು.
ತೊಡಿಸಲಿಕ್ಕೆ ಸಿಗುವುದು ನಾಲ್ಕು ಉಸಿರಿನ ಹೊತ್ತು,
ಆಮೇಲೆ ಎರಡೂ ತಮ್ಮ ತಮ್ಮ ಅಳತೆಗೆ ಮರಳಿ
ಕಚ್ಚಿಕೊಳ್ಳುತ್ತವೆ.
ಕೈ ನಡುಗಬಾರದು.

ಬಳೆ ತೊಡಿಸಿದ್ದು ನಾನಲ್ಲ ಎಸ್ತರಮ್ಮ,
ಫೌಜಿಯಾ.
ಬಂಕಿನಲ್ಲಿ ಸೀಸ ನಿಂತ ವರ್ಷ
ನಿಮ್ಮ ಕೈಯಲ್ಲೇ ಹುಟ್ಟಿದವಳು.
ಇಕ್ಕಳದಲ್ಲಿ ಹಿಡಿದು, ಉಸಿರು ಕಟ್ಟಿ,
ಒಂದು, ಎರಡು, ಮೂರು, ನಾಲ್ಕು.
ನಾನು ಟಾರ್ಚು ಹಿಡಿದಿದ್ದೆ.
ಬೆಳಕು ಮಾತ್ರ ಅಲ್ಲಾಡುತ್ತಿತ್ತು.

ಈಗ ಸೀಗೆ ಕಡೆಯ ಏರು.
ಸ್ಟಿಯರಿಂಗ್ ನಿಮ್ಮದು, ಪಕ್ಕದ ಸೀಟು ನನ್ನದು,
ಮೂರನೇ ಗೇರಿನಲ್ಲೇ ಹತ್ತುತ್ತಿದೆ ಮುದುಕಿ.
'ಟಿಕ್ ಟಿಕ್ ಅಂತಿದೆಯಲ್ಲೋ' ಅನ್ನುತ್ತೀರಿ.
ಅನ್ನಲಿ ಬಿಡಿ.
ಹನ್ನೆರಡು ಥೌ, ಅದಕ್ಕೆ ಬೇಕಾದಷ್ಟು ಜಾಗ.
ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು
ನಾನು ಕೇಳುತ್ತಿದ್ದೇನೆ.