ಅಂದ್ರುಕ್ಕನ ಗೇಜು

ಪಿಕಪ್ಪಿಗೆ ಪಿಕಪ್ಪೇ ಇಲ್ಲ ಅಂದೆ.
ಅಂದ್ರುಕ್ಕ ನಗಲಿಲ್ಲ. ಈ ಮಾತನ್ನು
ವಿರಾಜಪೇಟೆಯ ಅರ್ಧ ಊರು ಅವನಿಗೆ ಹೇಳಿಯಾಗಿದೆ.
ಬಾನೆಟ್ಟಿಗೆ ಕೋಲು ಕೊಟ್ಟು, ಇಂಜಿನ್ನಿಗೆ ಕಿವಿ ಕೊಟ್ಟು
'ಮಿಸ್ಸಿಂಗ್ ಇದೆ,' ಅಂದ. 'ಅದೂ ಇದೆ, ಬೇರೆಯೂ ಇದೆ.
ಆಫ್ ಮಾಡು.'

ಎಪ್ಪತ್ತೆರಡನೇ ಇಸವಿಯ ಗಾಡಿ, ಪೆಟ್ರೋಲ್.
ತೋಟದ ಕಂಪನಿ ಹರಾಜಿಗಿಟ್ಟಾಗ
ಬೇರೆ ಯಾರೂ ಕೈ ಎತ್ತಲಿಲ್ಲ, ನಾನೆತ್ತಿದೆ.
ಎಡ ಬಾಗಿಲಲ್ಲಿ ಆನೆ ಒರಗಿದ ತಗ್ಗು.
ಹಿಂದೆ ಈಗ ನನ್ನ ನರ್ಸರಿ:
ತೊಟ್ಟೆಯಲ್ಲಿ ಎರಡೆಲೆಯ ರೊಬಸ್ಟಾ,
ಬೇರು ಬಿಟ್ಟ ಮೆಣಸಿನ ಬಳ್ಳಿ ಮುನ್ನೂರು.
ಏರಿನಲ್ಲಿ ನಿಂತರೆ ಸಾಕು,
ಹಿಂದಿನ ಬಸ್ಸು ಹಾರ್ನಿನಲ್ಲೇ
ನನ್ನ ವಂಶವನ್ನೆಲ್ಲ ವಿಚಾರಿಸುತ್ತದೆ.

ಮೊದಲು ಡೆಲ್ಕೋ. ಕ್ಲಿಪ್ಪು ಹಾರಿಸಿ ಮುಚ್ಚಳ ತೆಗೆದರೆ
ಪಾಯಿಂಟು ಕರಕಲು, ಸೀದ ರೊಟ್ಟಿಯ ಅಂಚಿನ ಹಾಗೆ.
ಉಪ್ಪುಕಾಗದದಲ್ಲಿ ಉಜ್ಜಿ, ಊದಿ,
'ಕಾರ್ಡ್ ತಂದಿದ್ದೀಯಾ?' ಅಂದ.

ತಂದಿದ್ದೆ. ಅವನ ಫೀಲರ್ ಗೇಜನ್ನು
ಹೋದ ವರ್ಷ ಶಿಷ್ಯನೊಬ್ಬ ಕುಶಾಲನಗರಕ್ಕೆ ಒಯ್ದವ
ಅಲ್ಲೇ ಅಂಗಡಿ ಹಾಕಿದ.
ನನ್ನ ಬೀರುವಿನಲ್ಲಿ ಇನ್ನೂ ನೂರೆಂಬತ್ತು ಇವೆ,
ಹದಿನಾರು ವರ್ಷ ಹಳೆಯ, ಹಂಚದೆ ಉಳಿದ ಕಾರ್ಡು.
ಒಳ್ಳೆಯ ಕಾಗದ. ಅಪ್ಪ ಮೈಸೂರಿನಲ್ಲಿ ಅಚ್ಚು ಮಾಡಿಸಿದ್ದು.
ಸಸಿಗೆ ತಾರೀಕು ಬರೆದು ಸಿಕ್ಕಿಸಲು ಕೆಲವು ಹೋದವು,
ಮಿಕ್ಕದ್ದನ್ನು ಗೆದ್ದಲೂ ಮುಟ್ಟಲಿಲ್ಲ.
'ದಪ್ಪ ಕರೆಕ್ಟ್,' ಅಂತ ಮೊದಲ ಸಲ
ಬೆರಳಲ್ಲಿ ಬಗ್ಗಿಸಿ ನೋಡಿ ಅವನೇ ಹೇಳಿದ್ದು,
'ಕಾರ್ಡ್ ಒಂದು, ಮೇಲೆ ಬೀಡಿ ಎಲೆ ಒಂದು.'
ಏನು ಬರೆದಿದೆ ಅಂತ ಓದಲಿಲ್ಲ.
ಓದಿದ್ದರೂ ಹೇಳಲಿಲ್ಲ.

ಇವತ್ತು ಕತ್ತರಿಗೆ ಸಿಕ್ಕಿದ್ದು ಮುಹೂರ್ತದ ಸಾಲು.
ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಸಲ್ಲುವ
ಅಷ್ಟೇ ತುಂಡನ್ನು ಪಾಯಿಂಟಿನ ಸಂದಿನಲ್ಲಿ ತೂರಿ
ಎಳೆದ. ಹಿಡಿದೂ ಹಿಡಿಯದ ಹಾಗೆ ಬರಬೇಕು,
ನಿದ್ದೆ ಹೋದ ಮಗುವಿನ ಕೈಯಿಂದ ಗಿಲಕಿ ಬಿಡಿಸಿದ ಹಾಗೆ.
'ಮುಟ್ಟಿಕೊಂಡೇ ಇದ್ರೆ ಕರೆಂಟ್ ಸುಮ್ನೆ ಹರೀತದೆ, ಮೋಳೇ.
ಬಿಟ್ಟಾಗಲೇ ಕಿಡಿ.'
ಅವನು ಪಾಯಿಂಟಿನ ವಿಷಯವೇ ಹೇಳಿದ್ದು.

ಆಮೇಲೆ ಟೈಮಿಂಗು. ಹ್ಯಾಂಡಲ್ ತಿರುಗಿಸುವವಳು ನಾನು:
ಸ್ವಲ್ಪ, ಇನ್ನೊಂಚೂರು, ಸಾಕು, ಸಾಕಂದೆನಲ್ಲ!
ಪುಲ್ಲಿಯ ಗೀಟು ಕವರಿನ ಗೀಟಿಗೆ ಬಂದು ನಿಂತಿತು.
ಸತ್ತ ಸ್ಕೂಟರಿನ ಬಲ್ಬಿಗೆ ಎರಡು ವಯರು,
ಒಂದು ಡೆಲ್ಕೋಗೆ, ಒಂದು ಬಾಡಿಗೆ.
ಶಟರು ಅರ್ಧ ಎಳೆದು ಕತ್ತಲು ಮಾಡಿಕೊಂಡೆವು.
ಡೆಲ್ಕೋದ ಕುತ್ತಿಗೆ ಹಿಡಿದು ತಿರುವಿದ.
ಇಲ್ಲ.
ಇಲ್ಲ.
ಹತ್ತಿತು.
ಅವನ ಗಡ್ಡದ ಗ್ರೀಸು ಹೊಳೆಯಿತು.
'ಒಂದು ನೂಲು ಹಿಂದೆ ಇಡ್ತೇನೆ. ಲೋಡ್ ಹಾಕಿ ಹತ್ತೋಳು ನೀನು.
ಮುಂಚೆ ಹೊಡೆದ್ರೆ ಪಿಸ್ಟನ್ ನೋಯ್ತದೆ.
ತಡ ಆದ್ರೆ ಸೈಲೆನ್ಸರ್ ಕಾಯ್ತದೆ, ಅಷ್ಟೇ.'

ಕಾರ್ಬುರೇಟರಿನ ತಳದಲ್ಲಿ ಕೆಂಪು ಮಣ್ಣು,
ಜೆಟ್ಟಿನಲ್ಲಿ ಏನೋ ಸಿಕ್ಕಿತ್ತು.
'ತಂತಿ ಹಾಕಬಾರದು, ತೂತು ಹಿಗ್ತದೆ.
ಒಂದು ಕೂದಲು ಕೊಡು.'
ಕಪ್ಪು ಕೂದಲು ಬಾಗಿತು. ಬಿಳಿಯದು ನೆಟ್ಟಗೆ ಹೋಯಿತು.
ಇದಕ್ಕೆ ಮಾತ್ರ ನಕ್ಕ.

ಇಂಜಿನ್ ಬಿಸಿಯಾಗುವಷ್ಟು ಹೊತ್ತು ಸುಲೈಮಾನಿ.
ಆಮೇಲೆ ಆ ಸಣ್ಣ ಸ್ಕ್ರೂ.
ಕಾಲು ಸುತ್ತು ಒಳಗೆ: ಸದ್ದು ತೆಳ್ಳಗಾಗಿ ಎಡವಿತು.
ಹೊರಗೆ: ಭಾರವಾಗಿ ಗೊರಗುಟ್ಟಿತು.
ನಡುವೆ ಎಲ್ಲೋ ಒಂದು ಕಡೆ
ಮಡ್‌ಗಾರ್ಡಿನ ಮೇಲಿಟ್ಟ ಲೋಟದಲ್ಲಿ
ಚಾ ನಡುಗುವುದನ್ನು ಬಿಟ್ಟಿತು.
'ಮಡಿಕೇರಿಲಿ ಚೂರು ಒಳಗೆ ತಿರುಗಿಸ್ಕೋ, ಅಲ್ಲಿ ಗಾಳಿ ತೆಳು.'
ಇನ್ನೂರು ಕಡಿಮೆ ತಗೊಂಡ.
'ಗೇಜು ನಿಂದೇ ಅಲ್ವಾ.'

ಮೇಕೇರಿ ಏರಿನಲ್ಲಿ ಎರಡನೇ ಗೇರು.
ಮುನ್ನೂರು ಬಳ್ಳಿ ಹಿಂದೆ ತಲೆಯಾಡಿಸುತ್ತಿವೆ.
ಬಸ್ಸೊಂದು ಬೆನ್ನಿಗೆ ಬಂತು, ಹಾರ್ನ್ ಮಾಡಲಿಲ್ಲ.
ಉಳಿದ ಕಾರ್ಡು ಡ್ಯಾಶ್‌ಬೋರ್ಡಿನ ಮೇಲೆ:
ಎರಡೂ ಮನೆತನದ ಹೆಸರು, ಮಂಟಪದ ದಾರಿ,
ಉಡುಗೊರೆ ಬೇಡವೆಂಬ ವಿನಂತಿ, ಎಲ್ಲ ಇದೆ.
ಗಂಟೆ ಇದ್ದಲ್ಲಿ ಒಂದು ಕಂಡಿ.
ತಿರುವಿನಲ್ಲಿ ಬಿಸಿಲು ಅದರೊಳಗಿಂದ ತೂರಿ
ಪೆಟ್ರೋಲ್ ಮುಳ್ಳಿನ ಮೇಲೆ ಬಿತ್ತು. ಕಾಲು ಟ್ಯಾಂಕ್.
ಮಡಿಕೇರಿಯಲ್ಲಿ ಹಾಕಿಸಬೇಕು.
ಸ್ಕ್ರೂ ಮರೆಯಬಾರದು.