ಮೂಲೆಯ ಒಂಬತ್ತು

ಬಹುಪದೋಕ್ತಿ ಎಂದು ಬರೆದು ಅಡಿಗೆರೆ ಎಳೆದೆ.
ಹಿಂದಿನ ಸಾಲಿನಿಂದ ಸೂರ್ಯಕಾಂತ:
'ನಮ್ಮ ಮುತ್ಯಾಗ ನೂರು ಪದ ಬರ್ತಾವ್ರಿ ಟೀಚರ್,
ದಮ್ಮಡಿ ಕೈಗೆ ಕೊಟ್ರ ಬೆಳತನಕ ಹಾಡ್ತಾನ.'
ನಕ್ಕರು. ನಾನೂ ನಕ್ಕೆ.
ಇಲ್ಲಿಯ ಪದ ಬೇರೆ, ಎಂದೆ,
ಇದು ಹಾಡುವುದಿಲ್ಲ, ಕೂಡುತ್ತದೆ, ಕಳೆಯುತ್ತದೆ.

ಶಹಾಬಾದಿನ ಬೆಳಗು.
ಕಿಟಕಿಯಾಚೆ ಪಾಲಿಶ್ ಯಂತ್ರದ ಒಂದೇ ರಾಗ,
ಹಾಜರಿ ಪುಸ್ತಕದ ಮೇಲೆ ಕಲ್ಲಿನ ಹಿಟ್ಟು;
ಬೆರಳಿಂದ ಒರೆಸಿದರೆ ಹೆಸರು ಕಾಣುತ್ತದೆ.

ನಿಯಮ ಬರೆಯಿಸಿದೆ:
ಸಜಾತಿ ಪದಗಳು ಮಾತ್ರ ಒಂದರೊಳಗೊಂದು ಕೂಡುತ್ತವೆ.
ವಿಜಾತಿ ಪದಗಳನ್ನು ಹಾಗೇ ಬಿಡಬೇಕು.
ಇಪ್ಪತ್ತೆರಡು ವರ್ಷ ಬರೆಯಿಸಿದ ವಾಕ್ಯ.
ಅಂದು ಮಾತ್ರ ಸೀಮೆಸುಣ್ಣ ನಡುವೆ ನಿಂತಿತು.
ಒಂದೇ ಬೋರ್‌ವೆಲ್ಲಿಗೆ ಎರಡು ಸಾಲು ಕೊಡ ಇಡುವ
ಓಣಿಯ ಮಕ್ಕಳು
ತಲೆ ಬಗ್ಗಿಸಿ, ಕಾಗುಣಿತ ತಪ್ಪದೆ, ಬರೆದುಕೊಳ್ಳುತ್ತಿದ್ದರು.

ಅವಸರದಲ್ಲಿ ಸೇರಿಸಿದೆ: ಗುಣಿಸುವಾಗ ಹಾಗಿಲ್ಲ.
ಈ ಆವರಣದೊಳಗಿನ ಪ್ರತಿಯೊಂದೂ
ಆ ಆವರಣದ ಪ್ರತಿಯೊಂದನ್ನೂ ಮುಟ್ಟಲೇಬೇಕು,
ಒಂದನ್ನು ಬಿಟ್ಟರೂ ಉತ್ತರ ತಪ್ಪು.

ಆಮೇಲೆ ಲೆಕ್ಕ:
ಎಕ್ಸ್ ವರ್ಗ, ಅದರ ಜೊತೆ ಆರು ಎಕ್ಸ್,
ಏನು ಕೂಡಿದರೆ ಪೂರ್ಣ ವರ್ಗ?
ಆರರ ಅರ್ಧ ಮಾಡಿ, ಅರ್ಧದ ವರ್ಗ ಮಾಡಿ, ಕೂಡಿಸಿ, ಎಂದೆ.
ಯಾಕೆ ಎಂದು ನಾನೂ ಯಾರನ್ನೂ ಕೇಳಿದವಳಲ್ಲ.

ಮೈಬೂಬಿ ಎದ್ದು ನಿಂತಳು.
ಖಣಿಯಲ್ಲಿ ಪದರ ಪದರ ಕಲ್ಲು ಎಬ್ಬಿಸುವ ದಸ್ತಗೀರನ ಮಗಳು,
ವರ್ಷವಿಡೀ ತುಟಿ ಬಿಚ್ಚದವಳು.
'ಹೊರಗ ಬರ್ರಿ ಟೀಚರ್, ಹಾಸಿ ತೋರಸ್ತೀನಿ.'

ಅಂಗಳದಲ್ಲಿ ಶೌಚಾಲಯಕ್ಕೆಂದು ಒಟ್ಟಿದ ಫರಸಿ.
ಚೌಕದ ಕಲ್ಲೊಂದನ್ನು ಎಳೆದು ಮಲಗಿಸಿದಳು.
ಅಷ್ಟೇ ಉದ್ದದ, ಗೇಣಗಲದ ಪಟ್ಟಿ ಆರು:
ಮೂರು ಬಲಕ್ಕೆ, ಮೂರು ಕೆಳಕ್ಕೆ.
ಮೂಲೆ ಬಾಯಿ ತೆರೆದುಕೊಂಡಿತು.
'ಇಲ್ಲಿ ಗೇಣು ಗೇಣಿನ ತುಂಡು ಒಂಬತ್ತು ಬೇಕ್ರಿ.'

ದೊಡ್ಡ ಕಲ್ಲಿನ ಉದ್ದ ಎಷ್ಟು, ಕೇಳಿದೆ.
'ಎಷ್ಟರ ಇರ್ಲಿ.
ದರ್ಗಾದ ಕಟ್ಟಿದಿರ್ಲಿ, ಗೌಡರ ಪಡಸಾಲಿದಿರ್ಲಿ,
ಮೂಲ್ಯಾಗ ಒಂಬತ್ತೇ ಹತ್ತತಾವ.'

ಎಷ್ಟರ ಇರ್ಲಿ!
ಎಕ್ಸ್ ಎಂದರೆ ಏನೆಂದು ಇಷ್ಟು ಸಣ್ಣದಾಗಿ
ನನಗೆ ಯಾವ ಕಾಲೇಜೂ ಹೇಳಿರಲಿಲ್ಲ.
ಚೌಕ, ಪಟ್ಟಿ, ತುಂಡು, ಮೂರೂ ವಿಜಾತಿ,
ಅಂಚಿಗೆ ಅಂಚು ತಾಗಿಸಿ ಕುಳಿತಿದ್ದವು
ಬೇವಿನ ನೆರಳಲ್ಲಿ.

ಸೂರ್ಯಕಾಂತ ಕಲ್ಲಿನ ಮೇಲೆ ಕಲ್ಲೇರಿಸಿ ಘನ ಮಾಡಿದ.
'ನಾಲ್ಕನೇ ಘಾತ ಎಲ್ಲಿ ಇಡೂದ್ರಿ?'
ಬಲಕ್ಕೆ ಆಯಿತು, ಕೆಳಕ್ಕೆ ಆಯಿತು, ಮೇಲಕ್ಕೂ ಆಯಿತು.
ಹಾಳೆಯ ಮೇಲೆ ಇಡು, ಎಂದೆ. ಅಲ್ಲಿ ಜಾಗ ಬಹಳ.

ಒಳಗೆ ಬಂದು ಮುಂದುವರಿಸಿದೆ:
ಈ ವರ್ಗ ಸೊನ್ನೆಯಾಗುವುದು
ಎಕ್ಸ್ ಬೆಲೆ ಋಣ ಮೂರು ಆದಾಗ.
ಮೈಬೂಬಿಯ ಕೈ ಮತ್ತೆ ಮೇಲೆ.
'ಸೊನ್ನಿಗಿಂತ ಮೂರು ಗೇಣು ಕಡಿಮಿ ಕಲ್ಲು
ಯಾವ ಖಣ್ಯಾಗ ಸಿಗ್ತದ್ರಿ ಟೀಚರ್?'

ಗಂಟೆ ಹೊಡೆದು ನನ್ನನ್ನು ಉಳಿಸಿತು.

ಸಂಜೆ ರೈಲಿಗೆಂದು ಹಳೆಯ ಖಣಿಯ ದಂಡೆ ಹಿಡಿದು ನಡೆದೆ.
ಕೊರೆದ ಗೋಡೆ, ಪದರಕ್ಕೊಂದು ಬೂದು ಗೆರೆ,
ತಳದಲ್ಲಿ ಹಸಿರು ನೀರು, ತೇಲುವ ಒಂದು ಚಪ್ಪಲಿ.
ಯಾವ್ಯಾವ ಊರಿನ ಪಡಸಾಲೆಗಳೋ
ಇಲ್ಲಿ ತಗ್ಗಾಗಿ ಉಳಿದಿದ್ದವು,
ಅಲ್ಲಿ ಹಾಸಿದಷ್ಟೂ ಇಲ್ಲಿ ಇಲ್ಲ.
ಋಣ ಎನ್ನುವ ಮಾತನ್ನು ಇಷ್ಟು ವರ್ಷ
ಒಂದು ಅಡ್ಡಗೀಟು ಎಂದುಕೊಂಡಿದ್ದೆ.
ನಾಳೆ ಅವಳನ್ನು ಕರೆತಂದು ತೋರಿಸಬೇಕು, ಅಂದುಕೊಂಡೆ.
ಆಮೇಲೆ ನೆನಪಾಯಿತು,
ಇದು ಅವಳಪ್ಪ ತೋಡಿದ ತಗ್ಗು.

ಮರುದಿನ ಗೌಂಡಿ ಬಂದು
ಎಕ್ಸ್ ವರ್ಗವನ್ನು ಶೌಚಾಲಯದ ಹೊಸ್ತಿಲಿಗೆ ಒಯ್ದ.
ಪಟ್ಟಿ ಆರೂ, ತುಂಡು ಒಂಬತ್ತೂ
ಇಟ್ಟಲ್ಲೇ ಇದ್ದವು, ಒಂದು ಚೌಕ ಮಣ್ಣಿಗೆ
ಎರಡು ಕಡೆ ಆನಿಕೊಂಡು.
ಬಿಡುವಿನಲ್ಲಿ ಆ ಮಣ್ಣಿನಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡಿದರು.